ಅಳಗುಳಿಮಣೆಯಂಥ ಯಂತ್ರಕ್ಕೊಂದು ಸರಳ ಭಾಷೆ

ಹಾಸನದಲ್ಲಿ ಕಂಪೈಲರ್ (ಒಂದು ಭಾಷೆಯ ಪ್ರೋಗ್ರಾಮನ್ನು ಇನ್ನೊಂದಕ್ಕೆ ಅನುವಾದಿಸುವ ತಂತ್ರಾಂಶ) ಪಾಠವನ್ನು ಆರಂಭಿಸುವ ದಿನ ನಾನು ವಿದ್ಯಾರ್ಥಿಗಳ ಮುಂದೆ ಇಡುವುದು ಹುಣಸೆಬೀಜ ತುಂಬಿದ ಅಳಗುಳಿಮಣೆಯನ್ನು. ಏಳೇಳು ಗುಳಿಗಳ ಎರಡು ಸಾಲಿನ ಬದಲು 30,000 ಗುಳಿಗಳ ಒಂದೇ ಸಾಲಿದೆ, ಒಂದು ಗುಳಿಯ ಮೇಲೆ ನಮ್ಮ ಬೆರಳಿದೆ ಎಂದುಕೊಳ್ಳಬೇಕು. ಬೆರಳನ್ನು ಬಲಕ್ಕೋ ಎಡಕ್ಕೋ ಸರಿಸಬಹುದು, ಒಂದು ಬೀಜ ಹಾಕಬಹುದು ಅಥವಾ ತೆಗೆಯಬಹುದು, ಗುಳಿಯಲ್ಲಿರುವ ಸಂಖ್ಯೆಯನ್ನು ಅಕ್ಷರವಾಗಿ ಹೊರಗೆ ಕಳಿಸಬಹುದು, ಹೊರಗಿನಿಂದ ಒಂದು ಅಕ್ಷರವನ್ನು ಪಡೆಯಬಹುದು. ಈ ಆರು ಕೆಲಸಗಳಿಗೆ ಒಂದೊಂದು ಚಿಹ್ನೆ. ಉಳಿದ ಎರಡು ಚಿಹ್ನೆಗಳು ಚೌಕ ಆವರಣಗಳು. ಬೆರಳಿರುವ ಗುಳಿ ಬರಿದಾಗುವವರೆಗೂ ಅವುಗಳ ನಡುವಿನ ಕೆಲಸ ಮತ್ತೆ ಮತ್ತೆ ನಡೆಯುತ್ತದೆ. ಎಂಟು ಚಿಹ್ನೆಗಳಿಗೆ ಈ ಪ್ರೋಗ್ರಾಮಿಂಗ್ ಭಾಷೆ ಮುಗಿಯಿತು.

ಸ್ವಿಟ್ಜರ್‌ಲೆಂಡಿನ ಉರ್ಬಾನ್ ಮ್ಯೂಲರ್ ಇದನ್ನು 1993ರಲ್ಲಿ ಅಮಿಗಾ ಕಂಪ್ಯೂಟರಿಗಾಗಿ ರೂಪಿಸಿದರು. ಬ್ರೈನ್‌ಫಕ್ ಎಂಬ ಅದರ ಹೆಸರು ಒರಟಾದದ್ದು, ತರಗತಿಯಲ್ಲಿ ನಾನು ಅದನ್ನು ಎಂಟು ಚಿಹ್ನೆಗಳ ಭಾಷೆ ಎಂದೇ ಕರೆಯುತ್ತೇನೆ. ವೌಟರ್ ವಾನ್ ಓರ್ಟ್‌ಮರ್ಸನ್ ಅವರ ಫಾಲ್ಸ್ ಭಾಷೆಯ ಕಂಪೈಲರ್ 1,024 ಬೈಟ್‌ಗಳಲ್ಲಿ ಮುಗಿದಿತ್ತು. ಅದರಿಂದ ಪ್ರೇರಿತರಾದ ಮ್ಯೂಲರ್ ತಮ್ಮ ಕಂಪೈಲರನ್ನು 240 ಬೈಟ್‌ಗಳಿಗೆ ಇಳಿಸಿದರು.

ಆದರೆ ಬೇರು ಇನ್ನೂ ಹಿಂದಿದೆ. ಇಟಲಿಯ ಕೊರ್ರಾಡೊ ಬೋಮ್ 1964ರಲ್ಲಿ ಪ್ರಕಟಿಸಿದ ಪಿ-ಡಬಲ್-ಪ್ರೈಮ್ ಎಂಬ ಭಾಷೆಯಲ್ಲೂ ಇದ್ದುದು ಸರಿಸುವುದು, ಬದಲಿಸುವುದು, ಆವರಣದೊಳಗೆ ಮರುಕಳಿಸುವುದು ಮಾತ್ರ. 1936ರಲ್ಲಿ ಗಣಿತಜ್ಞ ಅಲನ್ ಟ್ಯೂರಿಂಗ್ ಕಲ್ಪಿಸಿದ ಯಂತ್ರ ಲೆಕ್ಕಹಾಕಬಲ್ಲದ್ದನ್ನೆಲ್ಲ ಅಷ್ಟರಲ್ಲೇ ಲೆಕ್ಕಹಾಕಬಹುದೆಂದು ಅವರು ಸಾಧಿಸಿ ತೋರಿಸಿದರು. ಇದೇ ಬೋಮ್ 1951ರಲ್ಲಿ ಜ್ಯೂರಿಕ್‌ನಲ್ಲಿ ಸಲ್ಲಿಸಿದ ಪ್ರಬಂಧದಲ್ಲಿ ಒಂದು ಭಾಷೆಯ ಕಂಪೈಲರನ್ನು ಅದೇ ಭಾಷೆಯಲ್ಲಿ ಬರೆದು ವಿವರಿಸಿದ್ದರು. ಅತಿ ಚಿಕ್ಕ ಭಾಷೆಯೂ ಅದರತ್ತ ಇಳಿಯುವ ಮೆಟ್ಟಿಲಾದ ಕಂಪೈಲರೂ ಒಬ್ಬರದೇ ಚಿಂತನೆಯಲ್ಲಿ ಬೆಳೆದವು ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಸಾಧ್ಯ ಎಂಬುದು ಬೇರೆ, ಬರೆಯಬಲ್ಲೆವು ಎಂಬುದು ಬೇರೆ. ಯಂತ್ರದ ಸಂಕೇತಗಳನ್ನು ಕೈಯಿಂದ ಬರೆದು ದಣಿದವರಿಗಾಗಿ ಐಬಿಎಂನ ಜಾನ್ ಬ್ಯಾಕಸ್ ತಂಡ 1957ರಲ್ಲಿ ಫೋರ್‌ಟ್ರಾನ್ ಎಂಬ ಭಾಷೆಯನ್ನು ಕೊಟ್ಟಂತೆ, ಈ ಎಂಟು ಚಿಹ್ನೆಗಳ ಮೇಲೂ ಸರಳ ಭಾಷೆಗಳು ಹುಟ್ಟಿಕೊಂಡವು. ಅಂಥದೊಂದನ್ನು ನಮ್ಮ ವಿದ್ಯಾರ್ಥಿಗಳೂ ಕಟ್ಟುತ್ತಾರೆ. ಅದರ ಮೊದಲ ವಾಕ್ಯ ‘ಮೊತ್ತ = ಕಾಫಿ + ಮೆಣಸು’. ಪ್ರತಿ ಹೆಸರಿಗೂ ಕಂಪೈಲರ್ ಒಂದು ಗುಳಿ ಕೊಟ್ಟು, ಬೆರಳು ಈಗ ಎಲ್ಲಿದೆ ಎಂಬುದನ್ನು ತಾನೇ ನೆನಪಿಟ್ಟುಕೊಳ್ಳುತ್ತದೆ.

ತೊಡಕು ಹುಟ್ಟುವುದು ಕೂಡುವಾಗ. ಕಾಫಿಯ ಗುಳಿಯಿಂದ ಒಂದೊಂದೇ ಬೀಜ ತೆಗೆದು ಪಕ್ಕದ ಮೊತ್ತದ ಗುಳಿಗೆ ಹಾಕಲು [->+<] ಎಂಬ ಆರು ಚಿಹ್ನೆ ಸಾಕು (+ ಎಂದರೆ ಬೀಜ ಹಾಕು, - ಎಂದರೆ ತೆಗೆ, ಬಾಣಗಳು ಬೆರಳನ್ನು ಸರಿಸುತ್ತವೆ). ಆದರೆ ಕೆಲಸ ಮುಗಿದಾಗ ಕಾಫಿಯ ಗುಳಿ ಬರಿದಾಗಿರುತ್ತದೆ. ಈ ಭಾಷೆಯಲ್ಲಿ ನಕಲು ಎಂಬುದಿಲ್ಲ, ಸಾಗಣೆ ಮಾತ್ರ ಇದೆ. ಆದ್ದರಿಂದ ಒಂದು ಬೀಜ ತೆಗೆದಾಗಲೆಲ್ಲ ಮೊತ್ತಕ್ಕೊಂದು, ತಾತ್ಕಾಲಿಕ ಗುಳಿಗೊಂದು ಎಂದು ಎರಡು ಕಡೆ ಹಾಕಿ, ಕೊನೆಗೆ ತಾತ್ಕಾಲಿಕ ಗುಳಿಯಿಂದ ಎಲ್ಲವನ್ನೂ ಕಾಫಿಯ ಗುಳಿಗೆ ಮರಳಿಸಬೇಕು. ಆರು ಚಿಹ್ನೆ ಹತ್ತೊಂಬತ್ತಾಗುತ್ತದೆ. ಬೇರೆ ಭಾಷೆಗಳಲ್ಲಿ ಸಮಚಿಹ್ನೆಯನ್ನು ಯೋಚಿಸದೆ ಬರೆಯುವ ಹುಡುಗರಿಗೆ ಅದರ ಬೆಲೆ ತಿಳಿಯುವುದು ಇಲ್ಲಿಯೇ, ಮತ್ತು ಈ ಪಾಠವನ್ನು ಬಿಡದೆ ಹೇಳುವುದಕ್ಕೆ ನನಗಿರುವ ಮುಖ್ಯ ಕಾರಣವೂ ಇದೇ. ‘ಹೀಗಾದರೆ’ ಎಂಬ ಷರತ್ತಿನದೂ ಅದೇ ಕಥೆ: ಆವರಣದಿಂದ ಹೊರಬರಲು ಷರತ್ತಿನ ಗುಳಿಯನ್ನೇ ಬರಿದು ಮಾಡಬೇಕು, ಅದಕ್ಕೂ ಮೊದಲು ನಕಲು ಬೇಕು.

ಕಾಫಿ, ಮೆಣಸು, ಮೊತ್ತ, ತಾತ್ಕಾಲಿಕ ಎಂಬ ಕ್ರಮದಲ್ಲಿ ನಾಲ್ಕು ಗುಳಿಗಳನ್ನಿಟ್ಟು, ಕೊನೆಯ ಎರಡನ್ನು ಮೊದಲೇ ಬರಿದು ಮಾಡಿ, ಎರಡು ಬಾರಿ ನಕಲಿಸಿ, ಬೆರಳನ್ನು ಆರಂಭಕ್ಕೆ ತಂದರೆ ಆ ಒಂದು ವಾಕ್ಯಕ್ಕೆ 60 ಚಿಹ್ನೆ ಬೇಕಾಗುತ್ತದೆ. ತಾತ್ಕಾಲಿಕ ಗುಳಿ ಪ್ರತಿ ಬಾರಿಯೂ ಬರಿದಾಗಿಯೇ ಉಳಿಯುತ್ತದಲ್ಲ, ಅದನ್ನು ಮತ್ತೆ ಬರಿದು ಮಾಡುವುದೇಕೆ ಎಂದು ಹಿಂದಿನ ಬೆಂಚಿನಿಂದ ಯಾರಾದರೂ ಕೇಳುವುದನ್ನೇ ನಾನು ಕಾಯುತ್ತಿರುತ್ತೇನೆ. ಆ ಪ್ರಶ್ನೆಯಿಂದ ಐದು ಚಿಹ್ನೆ ಉಳಿಯುತ್ತದೆ, ಮತ್ತು ಅಂದಿನ ತರಗತಿ ಅಲ್ಲಿಂದ ಮುಂದಕ್ಕೆ ಸಂಕೇತವನ್ನು ಚುರುಕುಗೊಳಿಸುವ ಪಾಠವಾಗುತ್ತದೆ.