ಸುಟ್ಟ ತೆನೆಗೆ ಖಾರ ಹಚ್ಚುವ ಹೊತ್ತು

ಗೋವಿನಜೋಳದ ತೆನೆ ಕೆಂಡದ ಮೇಲಿರುವಾಗಲೇ ಖಾರದಪುಡಿ ಸವರಿದರೆ ರುಚಿ ಒಳಗಿಳಿಯುತ್ತದೆ ಎಂದು ಅನೇಕರು ನಂಬಿದ್ದಾರೆ. ಇಳಿಯುವುದಿಲ್ಲ. ಪ್ರತಿ ಕಾಳಿಗೂ ಗಟ್ಟಿ ಸಿಪ್ಪೆಯಿದೆ. ಅದು ಒಡೆಯದ ಹೊರತು ಹತ್ತು ನಿಮಿಷದಲ್ಲಿ ಉಪ್ಪು, ಖಾರ ಒಳಹೋಗುವುದು ತೀರಾ ಕಡಿಮೆ. ಮೇಲುಳಿದ ಪುಡಿ ಮಾತ್ರ ಕರಕಾಗಿ ಕಹಿಯಾಗುತ್ತದೆ, ಘಾಟೆದ್ದು ಎಲ್ಲರೂ ಕೆಮ್ಮುತ್ತಾರೆ. ಮೊದಲು ಸುಡಬೇಕು, ಆಮೇಲೆ ಹಚ್ಚಬೇಕು.

ಅದಕ್ಕೂ ಮೊದಲು ತೆನೆ ಸರಿಯಾಗಿರಬೇಕು. ಹಾವೇರಿ, ರಾಣೆಬೆನ್ನೂರು ಕಡೆ ಮಳೆಗಾಲದ ಬೆಳೆಯೇ ಹೆಚ್ಚು. ಬೇಸಿಗೆಯಲ್ಲಿ ಸಿಗುವುದು ನೀರಾವರಿ ಹೊಲದ ತೆನೆ. ಜುಟ್ಟು ಒಣಗಿ ಕಂದಾಗಿರಬೇಕು, ಸಿಪ್ಪೆ ಇನ್ನೂ ಹಸಿರಿರಬೇಕು. ಕಾಳಿಗೆ ಉಗುರು ಚುಚ್ಚಿದಾಗ ಹಾಲಿನಂಥ ರಸ ಚಿಮ್ಮಿದರೆ ಸುಡಲು ಹದ. ತಿಳಿನೀರು ಬಂದರೆ ಎಳೆಯದು, ಹಿಟ್ಟಿನ ಮುದ್ದೆಯಂತಿದ್ದರೆ ಬಲಿತದ್ದು. ಬಲಿತ ತೆನೆಯನ್ನು ಮೊದಲು ಕುದಿಸಿಕೊಳ್ಳದೆ ಸುಟ್ಟರೆ ಹಲ್ಲಿಗೆ ಕೆಲಸ. (ಜುಟ್ಟಿನ ಒಂದೊಂದು ಎಳೆಯೂ ಒಂದೊಂದು ಕಾಳಿಗೆ ಪರಾಗ ಮುಟ್ಟಿಸುವ ದಾರಿ. ಎಳೆಗೆ ಪರಾಗ ಸಿಗದಿದ್ದಲ್ಲಿ ತೆನೆಯಲ್ಲಿ ಕಾಳಿಲ್ಲದ ಜಾಗ ಕಾಣುತ್ತದೆ.)

ಕೊಯ್ದ ಮೇಲೂ ಕಾಳು ಉಸಿರಾಡುತ್ತಿರುತ್ತದೆ. ಸ್ವಲ್ಪ ಸಕ್ಕರೆ ಅದಕ್ಕೇ ಖರ್ಚಾಗುತ್ತದೆ, ಮತ್ತಷ್ಟು ಪಿಷ್ಟವಾಗಿ ಬದಲಾಗುತ್ತದೆ. 30 ಡಿಗ್ರಿ ಸೆಲ್ಸಿಯಸ್ ಬಿಸಿಲಲ್ಲಿ ಹಳೆಯ ಬಗೆಯ ಸ್ವೀಟ್ ಕಾರ್ನ್ ಒಂದೇ ದಿನದಲ್ಲಿ ಅರ್ಧದಷ್ಟು ಸಿಹಿ ಕಳೆದುಕೊಳ್ಳಬಲ್ಲದು. ಹುಬ್ಬಳ್ಳಿ ಮಾರ್ಕೆಟ್‌ನಿಂದ ಬೆಳಗ್ಗೆ ತಂದದ್ದನ್ನು ಸಂಜೆ ತನಕ ಸಿಪ್ಪೆ ಸುಲಿಯದೆ ಫ್ರಿಜ್‌ನಲ್ಲಿಡಿ.

ಇದ್ದಲಿ ಶೇಗಡಿಯನ್ನು ಬಯಲಲ್ಲೋ ಮಾಳಿಗೆಯ ಮೇಲೋ ಹೂಡಿ. ಮುಚ್ಚಿದ ಕೋಣೆಯಲ್ಲಿ ಇಂಗಾಲದ ಮಾನಾಕ್ಸೈಡ್ ತುಂಬಿ ಜೀವಕ್ಕೇ ಅಪಾಯ. ಉರಿ ಪೂರ್ತಿ ಇಳಿದು ಕೆಂಡದ ಮೇಲೆ ತೆಳ್ಳಗೆ ಬೂದಿ ಕೂರುವ ತನಕ ಕಾಯಬೇಕು. ಉರಿಯ ನಾಲಗೆ ಅಲ್ಲಲ್ಲಿ ಕಪ್ಪು ಮಾಡುತ್ತದೆ, ಮಸಿ ಹತ್ತಿಸುತ್ತದೆ. ಕೆಂಡ ಅತಿಗೆಂಪು ಕಿರಣಗಳಿಂದ ಸಮನಾಗಿ ಕಾಯಿಸುತ್ತದೆ. ಸುಲಿದ ತೆನೆಯನ್ನು ಕೆಂಡಕ್ಕಿಂತ ನಾಲ್ಕು ಇಂಚು ಮೇಲೆ ಜಾಲರಿಯಲ್ಲಿಟ್ಟು ಎರಡು ನಿಮಿಷಕ್ಕೊಮ್ಮೆ ತಿರುಗಿಸಿ. 10ರಿಂದ 12 ನಿಮಿಷ ಸಾಕು.

ಮೊದಲ ಕೆಲ ನಿಮಿಷ ಬಣ್ಣವೇ ಬರುವುದಿಲ್ಲ, ಆಗ ಅವಸರಪಟ್ಟು ಗಾಳಿ ಬೀಸಬಾರದು. ಹಾಲುಗಾಳಿನಲ್ಲಿ ಮುಕ್ಕಾಲು ಪಾಲು ನೀರು. ಮೇಲ್ಮೈಯ ತೇವ ಆರುವ ತನಕ ಅಲ್ಲಿನ ಬಿಸಿ 100 ಡಿಗ್ರಿ ದಾಟುವುದು ಕಷ್ಟ. ಅಷ್ಟರಲ್ಲಿ ಒಳಗಿನ ಪಿಷ್ಟ ನೀರು ಹೀರಿ ಉಬ್ಬಿ ಬೇಯುತ್ತದೆ; ಅದಕ್ಕೆ 70 ಡಿಗ್ರಿಯ ಆಸುಪಾಸು ಸಾಕು. ಮೇಲ್ಮೈ ಒಣಗಿ 140 ಡಿಗ್ರಿ ಸಮೀಪಿಸಿದಾಗ ಸಕ್ಕರೆಯೂ ಪ್ರೋಟೀನಿನ ಘಟಕಗಳಾದ ಅಮೈನೊ ಆಮ್ಲಗಳೂ ಕೂಡಿ ಕಂದು ಬಣ್ಣ, ಆ ಘಮ ಎರಡನ್ನೂ ಹುಟ್ಟಿಸುತ್ತವೆ. ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದೇ. ಕಾಳು ಚಟಪಟ ಸಿಡಿಯುವುದು ಒಳಗಿನ ಹಬೆಯಿಂದ. ಮೂರರಲ್ಲೊಂದು ಕಾಳಿಗೆ ಕಂದು ಚುಕ್ಕೆ ಬಿದ್ದಾಗ ಇಳಿಸಿ. ಪೂರ್ತಿ ಕಪ್ಪಾದರೆ ಉಳಿಯುವುದು ಇದ್ದಲಿಯ ಕಹಿ. ಸ್ವೀಟ್ ಕಾರ್ನ್‌ನಲ್ಲಿ ಸಕ್ಕರೆ ಹೆಚ್ಚಿರುವುದರಿಂದ ಅದು ನಾಟಿ ತೆನೆಗಿಂತ ಬೇಗ ಕರಕಾಗುತ್ತದೆ, ಅದರ ಮೇಲೆ ಕಣ್ಣಿರಲಿ.

ಇನ್ನು ಮಸಾಲೆ. ಬೀದಿಬದಿಯಲ್ಲಿ ನಿಂಬೆಹೋಳನ್ನು ಉಪ್ಪುಖಾರದಲ್ಲಿ ಅದ್ದಿ ಉಜ್ಜುತ್ತಾರೆ. ರಸಕ್ಕೆ ಉಪ್ಪು ಕರಗುತ್ತದೆ, ಮೆಣಸಿನಕಾಯಿಯ ಬಣ್ಣವೂ ಖಾರವೂ ಕರಗುವುದಿಲ್ಲ. ಎರಡಕ್ಕೂ ಕೊಬ್ಬು ಬೇಕು. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಕೆಂಪು ಹೆಚ್ಚು. ಅದರ ಬೆಲೆ ಗೊತ್ತಾಗುವುದು ಬೆಣ್ಣೆಯಲ್ಲೇ. ತುಪ್ಪ ಬೇಡ: ಅದರಲ್ಲಿ ನೀರಿಲ್ಲ, ನಿಂಬೆರಸ ಬೇರೆಯಾಗಿ ಸೋರುತ್ತದೆ. ಮೆತ್ತಗಿನ ಬೆಣ್ಣೆ ರಸವನ್ನು ಸಣ್ಣ ಹನಿಗಳಾಗಿ ಹಿಡಿದಿಟ್ಟುಕೊಳ್ಳುತ್ತದೆ.

ಆರು ತೆನೆಗೆ 60 ಗ್ರಾಂ ಬೆಣ್ಣೆ, ಒಂದೂವರೆ ಟೀ ಚಮಚ ಬ್ಯಾಡಗಿ ಪುಡಿ, ಮುಕ್ಕಾಲು ಚಮಚ ಉಪ್ಪು, ಹುರಿದ ಜೀರಿಗೆಯ ಪುಡಿ ಒಂದು ಚಮಚ, ಜಜ್ಜಿದ ಬೆಳ್ಳುಳ್ಳಿ ನಾಲ್ಕು ಎಸಳು. ಚೆನ್ನಾಗಿ ನಾದಿ, ಎರಡು ಚಮಚ ನಿಂಬೆರಸವನ್ನು ಹನಿಹನಿಯಾಗಿ ಸೇರಿಸಿ. ಒಮ್ಮೆಲೇ ಸುರಿದರೆ ಒಡೆಯುತ್ತದೆ. ಅರ್ಧ ಗಂಟೆ ಬಿಟ್ಟರೆ ಬೆಣ್ಣೆ ಕೆಂಪೇರುತ್ತದೆ. ತೆನೆ ಇಳಿಸಿ ಒಂದು ನಿಮಿಷ ಹಬೆ ಹೋಗಲು ಬಿಟ್ಟು ಸವರಿ. ಕೆಂಡದ ಮೇಲೆ ಸವರಿದರೆ ಬೆಣ್ಣೆ ಹನಿದು ಹೊಗೆಯೆದ್ದು ತೆನೆಗೇ ಮಸಿ ಮೆತ್ತುತ್ತದೆ. ಕೊನೆಗೆ ಶೇಂಗಾ ಹಿಂಡಿ (ಚಟ್ನಿಪುಡಿ) ಉದುರಿಸಿ. ಗುರೆಳ್ಳ ಹಿಂಡಿಯಾದರೆ ಇನ್ನೂ ಒಳ್ಳೆಯದು.

ಉಳಿದ ಬೆಣ್ಣೆಯನ್ನು ಹೊರಗಿಡಲೇಬೇಡಿ. ಗಾಳಿಯಾಡದ ಕೊಬ್ಬಿನೊಳಗಿನ ಹಸಿ ಬೆಳ್ಳುಳ್ಳಿಯಲ್ಲಿ ಬಾಟ್ಯುಲಿಸಂ ಎಂಬ ಮಾರಕ ಆಹಾರವಿಷ ತರುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು. ಫ್ರಿಜ್‌ನಲ್ಲಿಟ್ಟು ಮೂರು ದಿನದೊಳಗೆ ಬಿಸಿ ರೊಟ್ಟಿಗೆ ಹಚ್ಚಿ ಮುಗಿಸಿ.