ಸೀಲಿಂಗ್ ಮುಟ್ಟುವ ಕಪಾಟಿಗೆ ಎಷ್ಟು ಎತ್ತರದ ಅಳತೆ ಕೊಡಬೇಕು?

ಪ್ರಶ್ನೆ: ನಮ್ಮ ರೂಮಿನ ಎತ್ತರ 2700 ಮಿ.ಮೀ. ನೆಲದಿಂದ ಸೀಲಿಂಗ್ ತನಕ ಗೋಡೆ ತುಂಬ ಕಪಾಟು ಮಾಡಿಸಬೇಕು ಅಂತಿದ್ದೇವೆ. ಕಪಾಟಿಗೂ 2700 ಅಂತಲೇ ಅಳತೆ ಕೊಡಬೇಕಾ? ಕಡಿಮೆ ಕೊಟ್ಟರೆ ಮೇಲೆ ಸಂದಿ ಉಳಿದು ಧೂಳು ಕೂರುತ್ತಲ್ಲ?

ಉತ್ತರ: ದಯವಿಟ್ಟು 2700 ಕೊಡಬೇಡಿ. ಕೊಟ್ಟರೆ ಆ ಕಪಾಟು ನಿಮ್ಮ ರೂಮಿನಲ್ಲಿ ಎದ್ದು ನಿಲ್ಲುವುದೇ ಇಲ್ಲ.

ದೊಡ್ಡ ಕಪಾಟನ್ನು ಸಾಮಾನ್ಯವಾಗಿ ನೆಲದ ಮೇಲೆ ಮಲಗಿಸಿ ಜೋಡಿಸುತ್ತಾರೆ, ಆಮೇಲೆ ಎತ್ತಿ ನಿಲ್ಲಿಸುತ್ತಾರೆ. ಎತ್ತುವಾಗ ಅದು ಹಿಂಬದಿಯ ಕೆಳ ಅಂಚಿನ ಮೇಲೆ ತಿರುಗುತ್ತದೆ. ಆಗ ಮುಂಬದಿಯ ಮೇಲಿನ ಮೂಲೆ ಕಪಾಟಿನ ಎತ್ತರವನ್ನೂ ಮೀರಿ ಮೇಲೆ ಹೋಗುತ್ತದೆ. ಅಂದರೆ ರೂಮಿನಲ್ಲಿ ಕಪಾಟಿನ ಕರ್ಣದಷ್ಟು ಜಾಗ ಇರಬೇಕು. 2700 ಎತ್ತರ, 600 ಆಳದ ಪೆಟ್ಟಿಗೆಯ ಕರ್ಣ ಸುಮಾರು 2766 ಮಿ.ಮೀ. ನಿಮ್ಮ ಸೀಲಿಂಗ್‌ಗಿಂತ 66 ಮಿ.ಮೀ. ಜಾಸ್ತಿ. ಅರ್ಧ ಎದ್ದ ಪೆಟ್ಟಿಗೆ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಅದರ ಮೂಲೆ ಸೀಲಿಂಗ್‌ನ ಬಣ್ಣ ಕೆರೆಯುತ್ತದೆ. ಆಮೇಲೆ ಬಿಚ್ಚಿ ಕತ್ತರಿಸುವುದೊಂದೇ ದಾರಿ.

ಇನ್ನೊಂದು ಕಾರಣ ಹಲಗೆಯಲ್ಲೇ ಇದೆ. ಪ್ಲೈವುಡ್ ಶೀಟ್ ಸಾಮಾನ್ಯವಾಗಿ ಬರುವುದು 2440 × 1220 ಮಿ.ಮೀ. ಅಳತೆಯಲ್ಲಿ. ಅದಕ್ಕಿಂತ ಎತ್ತರದ ಪಕ್ಕದ ಹಲಗೆ ಬೇಕು ಅಂದರೆ ಎಲ್ಲೋ ಒಂದು ಕಡೆ ಜೋಡಿಸಲೇಬೇಕು. ಹೇಗಿದ್ದರೂ ಜೋಡಣೆ ಬರುತ್ತದೆ ಅಂದ ಮೇಲೆ, ಎರಡು ಪೆಟ್ಟಿಗೆ ಮಾಡಿ ಒಂದರ ಮೇಲೊಂದು ಕೂರಿಸುವುದೇ ವಾಸಿ ಅಲ್ವಾ?

ನಿಮ್ಮ ರೂಮಿಗೆ ನಾನಾದರೆ ಹೀಗೆ ಲೆಕ್ಕ ಹಾಕುತ್ತೇನೆ. ಕೆಳಗೆ 100 ಮಿ.ಮೀ. ಪೀಠ. ಅದರ ಮೇಲೆ 2100ರ ದೊಡ್ಡ ಪೆಟ್ಟಿಗೆ, ಅದರ ಮೇಲೆ 450ರ ಚಿಕ್ಕ ಪೆಟ್ಟಿಗೆ. ಉಳಿದ 50 ಮಿ.ಮೀ. ಖಾಲಿ. ಮೇಲಿನ ಪೆಟ್ಟಿಗೆಯನ್ನು ಏಣಿ ಮೇಲೆ ನಿಂತು ಒಳಗೆ ತಳ್ಳುವಾಗ ಈ ಖಾಲಿ ಜಾಗ ಇಲ್ಲದಿದ್ದರೆ ಕೈ ಆಡುವುದಿಲ್ಲ. ಇಬ್ಬರು ಇರಲಿ. ಬಾಗಿಲು, ಶೆಲ್ಫ್ ಎಲ್ಲ ಬಿಚ್ಚಿಟ್ಟೇ ಎತ್ತಲಿ.

ನೀವು ಹೆದರುತ್ತಿರುವ ಸಂದಿ ಇದೇ 50 ಮಿ.ಮೀ. ಅದನ್ನು ಮುಚ್ಚುವುದು ಒಂದು ಫಿಲ್ಲರ್ ಪಟ್ಟಿ. ಸೀಲಿಂಗ್ ಮುಟ್ಟುವುದು ಆ ಪಟ್ಟಿ ಮಾತ್ರ, ಕಪಾಟಲ್ಲ. ಇಡೀ ಕೆಲಸದ ಅಂದ ನಿಂತಿರುವುದು ಇಲ್ಲೇ. ಯಾಕೆಂದರೆ ಯಾವ ಸೀಲಿಂಗೂ ಪೂರ್ತಿ ಮಟ್ಟವಾಗಿರುವುದಿಲ್ಲ. ಕಣ್ಣಿಗೆ ಸಪಾಟಾಗಿ ಕಾಣುವ ಸೀಲಿಂಗ್ ಕೂಡ 3 ಮೀಟರ್ ಉದ್ದದಲ್ಲಿ 10 ಮಿ.ಮೀ. ಏರಿಳಿದಿರಬಹುದು. ನೇರ ಪಟ್ಟಿ ಹೊಡೆದರೆ ಒಂದು ಕಡೆ ತಾಗುತ್ತದೆ, ಇನ್ನೊಂದು ಕಡೆ ಬಾಯಿ ಬಿಡುತ್ತದೆ.

ಒಳ್ಳೆಯ ಬಡಗಿ ಪಟ್ಟಿಯನ್ನು ಬೇಕಾದ್ದಕ್ಕಿಂತ ಸ್ವಲ್ಪ ಅಗಲವಾಗಿ ಕತ್ತರಿಸಿಕೊಳ್ಳುತ್ತಾರೆ. ಅದನ್ನು ಮಟ್ಟವಾಗಿ ಹಿಡಿದು, ಸೀಲಿಂಗ್ ಅತಿ ತಗ್ಗಿರುವ ಜಾಗಕ್ಕೆ ತಾಗಿಸುತ್ತಾರೆ. ಸಂದಿ ಎಲ್ಲಿ ಅತಿ ಅಗಲವೋ ಅಷ್ಟಕ್ಕೆ ಕಂಪಾಸ್ ತೆರೆಯುತ್ತಾರೆ. ಅದರ ಮೊನೆ ಸೀಲಿಂಗ್ ಗುಂಟ ಓಡುತ್ತದೆ, ಪೆನ್ಸಿಲ್ ಪಟ್ಟಿಯ ಮೇಲೆ ಗೆರೆ ಎಳೆಯುತ್ತದೆ. ಸೀಲಿಂಗ್‌ನ ಪ್ರತಿ ಉಬ್ಬು ತಗ್ಗೂ ಆ ಗೆರೆಯಲ್ಲಿ ಮೂಡುತ್ತದೆ. ಗೆರೆಗೆ ಕತ್ತರಿಸಿ, ಹಿಂಭಾಗದ ಅಂಚನ್ನು ಕೀಸುಳಿಯಲ್ಲಿ ಒಂಚೂರು ಜಾಸ್ತಿ ಕೀಸುತ್ತಾರೆ. ಆಗ ಮುಂದಿನ ತೆಳು ಅಂಚು ಮಾತ್ರ ಸೀಲಿಂಗ್‌ಗೆ ಕೂರುತ್ತದೆ. ಪಟ್ಟಿಯನ್ನು ಮೇಲಕ್ಕೆ ಒತ್ತಿದರೆ ಕಾಗದದ ಹಾಳೆಯೂ ನುಸುಳದ ಹಾಗೆ ಕೂತುಬಿಡುತ್ತದೆ. ಕಪಾಟು ಗೋಡೆಯಿಂದಲೇ ಹುಟ್ಟಿದ ಹಾಗೆ ಕಾಣುವುದು ಆಗ.

ಅಳತೆ ತೆಗೆದುಕೊಳ್ಳುವಾಗಲೂ ಇದನ್ನೇ ನೆನಪಿಡಿ. ಎರಡು ತುದಿ ಮತ್ತು ಮಧ್ಯದಲ್ಲಿ, ಗೋಡೆಯ ಬದಿಯಲ್ಲೂ ಕಪಾಟಿನ ಮುಂಭಾಗ ಬರುವಲ್ಲೂ ಅಳೆಯಿರಿ. ಒಟ್ಟು ಆರು ಅಳತೆ. ಸಿಕ್ಕಿದ್ದರಲ್ಲಿ ಚಿಕ್ಕದೇ ನಿಮ್ಮ ಲೆಕ್ಕ. ನೆಲದ ಟೈಲ್ಸ್, ಫಾಲ್ಸ್ ಸೀಲಿಂಗ್ ಕೆಲಸ ಬಾಕಿ ಇದ್ದರೆ ಅದು ಮುಗಿಯುವ ತನಕ ಅಳೆಯಲೇಬೇಡಿ.

ಪೀಠವನ್ನು ಬೇರೆಯಾಗಿಯೇ ಮಾಡಿಸಿ. ನೆಲ ಎಲ್ಲಿ ಅತಿ ಎತ್ತರವೋ ಅಲ್ಲಿಂದ ಶುರು ಮಾಡಿ, ಉಳಿದ ಕಡೆ ತೆಳು ಬೆಣೆ ಕೊಟ್ಟು ಮಟ್ಟಕ್ಕೆ ತರಬೇಕು. 600 ಮಿ.ಮೀ. ಆಳದಲ್ಲಿ ಪೀಠ ಬರೀ 2 ಮಿ.ಮೀ. ವಾಲಿದರೂ 2100 ಎತ್ತರದಲ್ಲಿ ಕಪಾಟು 7 ಮಿ.ಮೀ. ವಾಲಿರುತ್ತದೆ. ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಆಮೇಲೆ ಹಿಂಜ್ ತಿರುಗಿಸಿ ತಿರುಗಿಸಿ ಸುಮ್ನೆ ಸುಸ್ತಾಗುವುದಷ್ಟೇ.

ಇಡೀ ಎತ್ತರಕ್ಕೆ ಒಂದೇ ಬಾಗಿಲು ನೋಡಲು ಚೆಂದ, ಆದರೆ ಉದ್ದ ಹಲಗೆ ಬೇಗ ಬಾಗುತ್ತದೆ. ಎರಡು ಪೆಟ್ಟಿಗೆಗೆ ಎರಡು ಬಾಗಿಲೇ ನನ್ನ ಆಯ್ಕೆ. 2100ರ ಬಾಗಿಲಿಗೆ ಕಡಿಮೆ ಅಂದರೂ ನಾಲ್ಕು ಹಿಂಜ್ ಇರಲಿ. ಬಾಗಿಲು ತಿರುಗುವ ದಾರಿಯಲ್ಲಿ ಇಳಿಬಿದ್ದ ದೀಪವೋ ಫ್ಯಾನಿನ ರೆಕ್ಕೆಯೋ ಅಡ್ಡ ಬರುತ್ತದಾ ಅಂತ ಮೊದಲೇ ನೋಡಿಕೊಳ್ಳಿ.

ಎರಡೂ ಪೆಟ್ಟಿಗೆಗಳನ್ನು ಒಂದಕ್ಕೊಂದು ಸ್ಕ್ರೂ ಹಾಕಿ ಬಿಗಿದು, ಗೋಡೆಗೂ ಕಟ್ಟಬೇಕು. ಇಲ್ಲಿ ರಾಜಿ ಬೇಡ. ಶೆಲ್ಫ್ ಹಿಡಿದು ಹತ್ತಲು ಹೋಗುವ ಮಗುವಿನ ಮೇಲೆ ಕಪಾಟು ಮಗುಚಬಾರದು. ಇಟ್ಟಿಗೆ ಗೋಡೆಯಾದರೆ ಪ್ಲಗ್ ಹಾಕಿ ಸ್ಕ್ರೂ, ಟೊಳ್ಳು ಗೋಡೆಯಾದರೆ ಒಳಗಿನ ಚೌಕಟ್ಟಿಗೇ ಸ್ಕ್ರೂ. ಫಾಲ್ಸ್ ಸೀಲಿಂಗ್ ಈ ಭಾರ ಹೊರುವುದಿಲ್ಲ. ಕಪಾಟಿಗೂ ಗೋಡೆಗೂ ನಡುವೆ ಜಾಗ ಉಳಿದಿದ್ದರೆ ಅಲ್ಲಿ ಚೂರು ಮರ ತುಂಬಿಸಿ ಆಮೇಲೆ ಬಿಗಿಯಿರಿ. ಹಾಗೇ ಬಿಗಿದರೆ ಪೆಟ್ಟಿಗೆ ಗೋಡೆಯ ಕಡೆ ಎಳೆದುಕೊಂಡು ಸೊಟ್ಟಗಾಗುತ್ತದೆ.

ಬಾಗಿಲು ಹಾಕಿ ಎಲ್ಲ ಸರಿಹೊಂದಿಸಿದ ಮೇಲೆ, ಕೊನೆಗೆ ಫಿಲ್ಲರ್ ಪಟ್ಟಿ. ಅದಕ್ಕೆ ಅಂಟು ಹಾಕಬೇಡಿ, ಒಳಗಿನಿಂದ ಸ್ಕ್ರೂ ಹಾಕಿಸಿ. ಮುಂದೆ ಸೀಲಿಂಗ್‌ಗೆ ಬಣ್ಣ ಹೊಡೆಯುವ ದಿನ ಬಿಚ್ಚಿ ಮತ್ತೆ ಕೂರಿಸಬಹುದು.