ಮಂಗಳೂರಿನ ಗಾಳಿಗೆ ಇನ್ನೂ ನೀರು ಬೇಕಾ?

ನಾನು ಎಸಿ ರಿಪೇರಿಯವನು. ಕಳೆದ ಜುಲೈಯಲ್ಲಿ ಬಿಜೈಯ ಒಂದು ಫ್ಲ್ಯಾಟಿನಿಂದ ಫೋನ್ ಬಂತು. ಎಸಿ ವಿಪರೀತ ನೀರು ಬಿಡ್ತಾ ಉಂಟು, ಬಕೆಟ್ ಚೆಲ್ಲಿ ಚೆಲ್ಲಿ ಸಾಕಾಯ್ತು ಅಂತ. ಹೋಗಿ ನೋಡಿದರೆ ಎಸಿಯಲ್ಲಿ ದೋಷವೇನೂ ಇರಲಿಲ್ಲ. ತೊಟ್ಟಿಲ ಪಕ್ಕ ಸ್ಟೂಲಿನ ಮೇಲೆ ಹ್ಯೂಮಿಡಿಫೈಯರ್ ಮಂಜು ಬಿಡುತ್ತಿತ್ತು. ಅದು ಗಾಳಿಗೆ ಸೇರಿಸಿದ ನೀರನ್ನೇ ಎಸಿ ಹಿಂಡಿ ಪೈಪಿನಲ್ಲಿ ಹೊರಗೆ ಹಾಕುತ್ತಿತ್ತು.

ಮಗುವಿನ ಅಜ್ಜಿ ಕಪಾಟು ತೆರೆದು ತೋರಿಸಿದರು. ರೇಷ್ಮೆ ಸೀರೆಯ ಮಡಿಕೆಯ ಉದ್ದಕ್ಕೂ ಬಿಳಿ ಬೂಷ್ಟು. ಕಪಾಟಿನ ಹಿಂದೆ ಗೋಡೆಯಲ್ಲಿ ಕಪ್ಪು ಚುಕ್ಕಿಗಳು. ಅದೇ ಕೋಣೆಯಲ್ಲಿ ನಾಲ್ಕು ತಿಂಗಳ ಮಗು ಮಲಗುತ್ತದೆ.

"ಅಮೆರಿಕದಲ್ಲಿರುವ ಮಗ ಹೇಳಿದ ಅಣ್ಣಾ, ಮಗು ಇರುವ ಮನೆಗೆ ಇದು ಬೇಕೇ ಬೇಕಂತೆ."

ಮಗ ಹೇಳಿದ್ದು ಸುಳ್ಳಲ್ಲ. ಆದರೆ ಅದು ಅವನ ಊರಿನ ಮಾತು. ಇದನ್ನು ನಾನು ಎಷ್ಟು ಮನೆಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ, ಇನ್ನೊಮ್ಮೆ ಹೇಳುತ್ತೇನೆ. ಬಿಸಿ ಗಾಳಿ ಜಾಸ್ತಿ ನೀರು ಹಿಡಿಯುತ್ತದೆ, ತಣ್ಣನೆಯ ಗಾಳಿ ಕಡಿಮೆ. ಒಂದು ಘನ ಮೀಟರ್ ಗಾಳಿ 0 ಡಿಗ್ರಿಯಲ್ಲಿ ಹೆಚ್ಚೆಂದರೆ ಸುಮಾರು 5 ಗ್ರಾಂ ನೀರಾವಿ ಹಿಡಿದೀತು. 20 ಡಿಗ್ರಿಯಲ್ಲಿ 17 ಗ್ರಾಂ, 30ರಲ್ಲಿ 30 ಗ್ರಾಂ. ಚಳಿ ದೇಶದಲ್ಲಿ ಹೊರಗಿನ ಆ 5 ಗ್ರಾಂ ಗಾಳಿಯನ್ನೇ ಮನೆಯೊಳಗೆ ಹೀಟರ್ ಹಾಕಿ 20 ಡಿಗ್ರಿಗೆ ಕಾಯಿಸುತ್ತಾರೆ. 17 ಹಿಡಿಯುವ ಜಾಗದಲ್ಲಿ ಇರುವುದು ಐದೇ. ಅಂದರೆ ತೇವಾಂಶ ಶೇಕಡಾ 30ರ ಆಸುಪಾಸು. ಮೂಗು ಒಣಗಿ ರಕ್ತ ಬರುವುದು, ಚರ್ಮ ಬಿರಿಯುವುದು ಎಲ್ಲ ಅದಕ್ಕೇ. ಅಲ್ಲಿ ಈ ಯಂತ್ರ ಬೇಕು.

ನಮ್ಮಲ್ಲಿ ಮಳೆಗಾಲದಲ್ಲಿ ತೇವಾಂಶ 85, 90 ದಾಟುತ್ತದೆ. ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ, ಅಲ್ವಾ? ಆ ಗಾಳಿಗೆ ಇನ್ನೂ ನೀರು ಹಾಕಿದರೆ ಅದು ಹೋಗಿ ಕೂರುವುದು ಗೋಡೆಯ ಮೇಲೆ, ಹಾಸಿಗೆಯಲ್ಲಿ, ಕಪಾಟಿನಲ್ಲಿ. 40ರಿಂದ 50 ಇದ್ದರೆ ಒಳ್ಳೆಯದು. 60 ದಾಟಿ ಹಾಗೇ ನಿಂತರೆ ಬೂಷ್ಟಿಗೂ ಧೂಳಿನ ಹುಳಕ್ಕೂ ಹಬ್ಬ.

"ಎಸಿ ಗಾಳಿ ಒಣಗಿಸುತ್ತದಲ್ಲ?" ಅಂತ ಕೇಳುತ್ತಾರೆ. ಒಣಗಿಸುತ್ತದೆ, ಹೌದು. ಆದರೆ ನಮ್ಮ ಕರಾವಳಿಯಲ್ಲಿ ರಾತ್ರಿಯಿಡೀ ಎಸಿ ಓಡಿದ ಕೋಣೆಯಲ್ಲೂ ನಾನು ಹೆಚ್ಚಾಗಿ ನೋಡಿದ್ದು 50, 60. ಡಿಸೆಂಬರ್, ಜನವರಿಯಲ್ಲಿ ಮೂಡಣ ಗಾಳಿ ಬೀಸುವಾಗ ಕೆಲವು ಮನೆಗಳಲ್ಲಿ ಅದಕ್ಕಿಂತ ಕೆಳಗೆ ಇಳಿಯುವುದುಂಟು. ಹಾಗಾಗಿ ಯಾರಿಗೂ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಮೊದಲು ಒಂದು ಹೈಗ್ರೋಮೀಟರ್, ಅಂದರೆ ತೇವಾಂಶ ಅಳೆಯುವ ಮೀಟರ್, ತನ್ನಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಒಂದು ವಾರ ಬೆಳಿಗ್ಗೆ, ರಾತ್ರಿ ಅಂಕಿ ಬರೆದಿಡಿ. 40ಕ್ಕಿಂತ ಕೆಳಗೆ ಹೋದರೆ ಮಾತ್ರ ಯಂತ್ರದ ಮಾತು. ಮಗುವಿನ ಮೂಗು ಕಟ್ಟಿದ್ದಕ್ಕೆ ಕಾರಣ ಏನು ಅಂತ ಎಸಿ ರಿಪೇರಿಯವನು ಹೇಳಬಾರದು, ಅದನ್ನು ಡಾಕ್ಟರ ಹತ್ತಿರವೇ ಕೇಳಿ.

ತೆಗೆದುಕೊಂಡರೂ ಸುಮ್ನೆ ಆನ್ ಮಾಡಿ ಬಿಡುವ ಸಾಮಾನಲ್ಲ ಅದು. ಅಂಗಡಿಯಲ್ಲಿ ಜಾಸ್ತಿ ಸಿಗುವುದು ಅಲ್ಟ್ರಾಸಾನಿಕ್. ನೀರಿನಡಿ ಒಂದು ಸಣ್ಣ ಬಿಲ್ಲೆ ಅತಿ ವೇಗವಾಗಿ ನಡುಗಿ ನೀರನ್ನು ಪುಡಿ ಮಾಡಿ ಎಸೆಯುತ್ತದೆ. ನೀರಿನಲ್ಲಿದ್ದ ಲವಣ, ಟ್ಯಾಂಕಿನ ಲೋಳೆ, ಎಲ್ಲವೂ ಅದರೊಂದಿಗೆ ಗಾಳಿಗೆ ಬರುತ್ತದೆ. ಆ ಮನೆಯ ಟ್ಯಾಂಕಿನೊಳಗೆ ಬೆರಳಾಡಿಸಿದೆ, ತುದಿಗೆ ಗುಲಾಬಿ ಬಣ್ಣದ ಪಾಚಿಯಂಥದ್ದು ಅಂಟಿಕೊಂಡಿತು. ದಿನಾ ಹಳೇ ನೀರು ಚೆಲ್ಲಬೇಕು, ಎರಡು ಮೂರು ದಿನಕ್ಕೊಮ್ಮೆ ಉಜ್ಜಿ ತೊಳೆದು ಒಣಗಿಸಬೇಕು, ಡಿಸ್ಟಿಲ್ಡ್ ವಾಟರ್ ಹಾಕಬೇಕು.

ಆ ದಿನ ನನ್ನ ಮೀಟರ್ ತೋರಿಸಿದ್ದು 78. ಯಂತ್ರ ಆರಿಸಿ, ಎಸಿಯನ್ನು ತೇವ ತೆಗೆಯುವ ಡ್ರೈ ಮೋಡಿಗೆ ಹಾಕಿ, ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆದು ಬಂದೆ. ಅಜ್ಜಿ ಮರುದಿನವೇ ಹೈಗ್ರೋಮೀಟರ್ ತರಿಸಿ ಕ್ಯಾಲೆಂಡರ್ ಪಕ್ಕ ತೂಗುಹಾಕಿದ್ದಾರೆ. ಈಗಲೂ ಆಗಾಗ ಫೋನ್ ಮಾಡುತ್ತಾರೆ. "ಇವತ್ತು 57 ಉಂಟು ಅಣ್ಣಾ, ತೊಂದರೆ ಇಲ್ಲ ಅಲ್ವಾ?"

ಏನೂ ಇಲ್ಲ ಅಮ್ಮ, ಹಾಗೇ ಇರಲಿ.